ಕರುಳಿನ ಬ್ಯಾಕ್ಟೀರಿಯಾ ಮತ್ತು ಪಾರ್ಶ್ವವಾಯು: ಇಲಿಗಳಲ್ಲಿ ಕಂಡದ್ದು ತಂದೆಯವರಿಗೆ ಅನ್ವಯಿಸುತ್ತದೆಯೇ?

ಹೇಮಾವತಿ_ತೀರ

ನಮ್ಮ ತಂದೆಯವರಿಗೆ 64 ವರ್ಷ. ಮೂರು ವಾರಗಳ ಹಿಂದೆ ಒಂದು ಬೆಳಿಗ್ಗೆ ಅವರ ಬಲಗೈಯಿಂದ ಕಾಫಿ ಲೋಟ ಜಾರಿತು, ಮಾತು ತೊದಲಿತು. ತೋಟದ ಮನೆಯಿಂದ ಹೊರಟು ನಾವು ಆಸ್ಪತ್ರೆ ಸೇರುವಷ್ಟರಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ನಾಲ್ಕೂವರೆ ಗಂಟೆಯ ಗಡುವು ಮೀರಿತ್ತು. ಮೆದುಳಿನ ಎಡಭಾಗದ ರಕ್ತನಾಳವೊಂದು ಹೆಪ್ಪಿನಿಂದ ಮುಚ್ಚಿಹೋಗಿತ್ತು. ಈಗ ಮನೆಗೆ ಬಂದಿದ್ದಾರೆ. ಕಾಲು ಸ್ವಲ್ಪ ಆಡುತ್ತಿದೆ, ಕೈ ಇನ್ನೂ ಆಡುತ್ತಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಮಾತ್ರ ಮಲವಿಸರ್ಜನೆ ಆಗುತ್ತಿರುವುದು ಇನ್ನೊಂದು ಚಿಂತೆ.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಎಲ್ಲಿಯೋ ಓದಿದ ಸುದ್ದಿಯೊಂದನ್ನು ಕಳುಹಿಸಿದ್ದಾನೆ. ಸಾಮಾನ್ಯ ಆಂಟಿಬಯೋಟಿಕ್ ಕೊಟ್ಟ ಇಲಿಗಳಲ್ಲಿ ಪಾರ್ಶ್ವವಾಯುವಿನಿಂದಾಗುವ ಮೆದುಳಿನ ಹಾನಿ ಶೇ 60ರಷ್ಟು ಕಡಿಮೆಯಾಯಿತಂತೆ, ಅದಕ್ಕೆ ಕಾರಣ ಕರುಳಿನ ಬ್ಯಾಕ್ಟೀರಿಯಾಗಳಂತೆ. ಹಿಂದೆ ಹಲ್ಲುನೋವಿಗೆಂದು ತಂದಿದ್ದ ಅದೇ ಮಾತ್ರೆಯ ಒಂದು ಪಟ್ಟಿ ನಮ್ಮ ಮನೆಯಲ್ಲಿ ಉಳಿದಿದೆ. ಕೊಟ್ಟರೆ ತಪ್ಪೇನು ಎಂದು ಅವನ ಪ್ರಶ್ನೆ. ನನಗೆ ಅದರಲ್ಲಿ ನಂಬಿಕೆಯೂ ಇಲ್ಲ, ಅಲ್ಲಗಳೆಯುವ ತಿಳಿವಳಿಕೆಯೂ ಇಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಸೂಕ್ಷ್ಮದರ್ಶಿ

ಮೊದಲಿಗೆ ಒಂದು ಮಾತು: ಆ ಮಾತ್ರೆಯನ್ನು ಕೊಡಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ನಾನು ವೈದ್ಯನಲ್ಲ, ರೋಗನಿರೋಧಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ.

ನಿಮ್ಮ ತಮ್ಮ ಓದಿದ ಸುದ್ದಿ ಸುಳ್ಳಲ್ಲ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಕೊರಿನ್ ಬೆನಾಕಿಸ್, ಕೋಸ್ಟಾಂಟಿನೊ ಯಾಡೆಕೋಲಾ, ಜೋಸೆಫ್ ಆನ್ರಾಥರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವದು. 2016ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಇಲಿಗಳಿಗೆ ಎರಡು ವಾರ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲದ ಮಿಶ್ರಣವನ್ನು ಕೊಟ್ಟು, ಆಮೇಲೆ ಮೆದುಳಿನ ಮಧ್ಯದ ಅಪಧಮನಿಯನ್ನು ಸ್ವಲ್ಪ ಹೊತ್ತು ಮುಚ್ಚಿ ಪಾರ್ಶ್ವವಾಯು ಉಂಟುಮಾಡಿದರು. ಈ ಪ್ರಯೋಗದ ಜಾಣ್ಮೆ ಇರುವುದು ಹೋಲಿಕೆಗೆ ಇಟ್ಟುಕೊಂಡ ಗುಂಪಿನಲ್ಲಿ. ಎರಡು ಗುಂಪಿನ ಇಲಿಗಳಿಗೂ ಅದೇ ಔಷಧ ಸಿಕ್ಕಿತು. ಆದರೆ ಒಂದು ಗುಂಪಿನ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಬಗ್ಗುವಂಥವು, ಇನ್ನೊಂದರಲ್ಲಿದ್ದವು ಅದಕ್ಕೆ ಜಗ್ಗದ ನಿರೋಧಕ ಬ್ಯಾಕ್ಟೀರಿಯಾಗಳು. ಮೊದಲ ಗುಂಪಿನಲ್ಲಿ ಮೆದುಳಿನ ಗಾಯ ಸುಮಾರು ಶೇ 60ರಷ್ಟು ಚಿಕ್ಕದಾಯಿತು, ಎರಡನೆಯದರಲ್ಲಿ ಆಗಲಿಲ್ಲ. ಎಂದರೆ ಔಷಧವು ನೇರವಾಗಿ ಮೆದುಳನ್ನು ಕಾಪಾಡಲಿಲ್ಲ. ಬದಲಾದ ಬ್ಯಾಕ್ಟೀರಿಯಾ ಸಮುದಾಯವೇ ಕಾಪಾಡಿತು. ಮೊದಲ ಗುಂಪಿನ ಮಲವನ್ನು ಔಷಧ ಮುಟ್ಟದ ಬೇರೆ ಇಲಿಗಳ ಕರುಳಿಗೆ ಸೇರಿಸಿದಾಗ ರಕ್ಷಣೆಯೂ ಅದರೊಂದಿಗೆ ವರ್ಗವಾಯಿತು.

ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ತಲೆಯೊಳಗಿನ ಗಾಯವನ್ನು ಹೇಗೆ ಬದಲಿಸೀತು? ಕರುಳನ್ನು ಒಂದು ಗರಡಿಮನೆ ಎಂದು ಭಾವಿಸಿ. ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಕರುಳಿನ ಗೋಡೆಯಲ್ಲಿಯೇ ಪಳಗುತ್ತದೆ, ಮತ್ತು ಅಲ್ಲಿ ಉಸ್ತಾದರ ಕೆಲಸ ಮಾಡುವವು ಬ್ಯಾಕ್ಟೀರಿಯಾಗಳು. ಒಂದು ಬಗೆಯ ಸಮುದಾಯವಿದ್ದರೆ ಉರಿಯೂತ ಎಬ್ಬಿಸುವ ಗಾಮಾ-ಡೆಲ್ಟಾ ಟಿ ಕೋಶಗಳು ಹೆಚ್ಚುತ್ತವೆ. ಇನ್ನೊಂದು ಬಗೆಯದಿದ್ದರೆ ಜಗಳ ಬಿಡಿಸುವ ನಿಯಂತ್ರಕ ಟಿ ಕೋಶಗಳು ಹೆಚ್ಚುತ್ತವೆ. ಪಾರ್ಶ್ವವಾಯುವಾದ ಮೇಲೆ ಆ ಗಾಮಾ-ಡೆಲ್ಟಾ ಕೋಶಗಳು ಕರುಳನ್ನು ಬಿಟ್ಟು ಮೆದುಳಿನ ಪೊರೆಗಳಿಗೆ ಹೋಗಿ ಕೂರುತ್ತವೆ, ಇಂಟರ್‌ಲ್ಯೂಕಿನ್-17 ಎಂಬ ಸಂಕೇತವನ್ನು ಸುರಿಸುತ್ತವೆ, ಆ ಕರೆಗೆ ನ್ಯೂಟ್ರೋಫಿಲ್ ಮುಂತಾದ ಬಿಳಿ ರಕ್ತಕಣಗಳು ಮೆದುಳಿಗೆ ನುಗ್ಗುತ್ತವೆ. ರಕ್ತ ಸಿಗದೆ ಅರೆಜೀವವಾಗಿದ್ದ ನರಕೋಶಗಳು ಈ ಗಲಾಟೆಯಲ್ಲಿ ಪೂರ್ತಿ ಸಾಯುತ್ತವೆ. ಔಷಧ ಪಡೆದ ಮೊದಲ ಗುಂಪಿನಲ್ಲಿ ಹಾಗೆ ಹೊರಡುವ ದಂಡೇ ಚಿಕ್ಕದಾಗಿತ್ತು.

ಇನ್ನು ಕೊಡಬೇಡಿ ಎಂದದ್ದಕ್ಕೆ ಕಾರಣ. ಆ ಇಲಿಗಳಿಗೆ ಔಷಧ ಕೊಟ್ಟದ್ದು ಪಾರ್ಶ್ವವಾಯುವಿಗೆ ಎರಡು ವಾರ ಮೊದಲು. ನಿಮ್ಮ ತಂದೆಯವರಿಗೆ ಆಗಿ ಮೂರು ವಾರವಾಗಿದೆ. ಆ ಪ್ರಯೋಗವು ತಡೆದ ಉರಿಯೂತ ಮೊದಲ ಕೆಲವು ದಿನಗಳದ್ದು. ಈಗ ಹಿಂದಿರುಗಿ ತಡೆಯಲು ಆಗುವಂಥದ್ದಲ್ಲ.

ಹಳೆಯ_ಸ್ಟೆತೊಸ್ಕೋಪ್

ಮೂವತ್ತು ವರ್ಷ ಜಿಲ್ಲಾ ಮಟ್ಟದಲ್ಲಿ ವೈದ್ಯಕೀಯ ವೃತ್ತಿ ನಡೆಸಿ ನಿವೃತ್ತನಾದವನು ನಾನು. ಸೂಕ್ಷ್ಮದರ್ಶಿಯವರ ವಿವರಣೆಗೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಪಾರ್ಶ್ವವಾಯುವಾದ ಕೂಡಲೇ ಎಲ್ಲರಿಗೂ ಆಂಟಿಬಯೋಟಿಕ್ ಕೊಟ್ಟರೆ ಹೇಗೆ ಎಂಬ ಪ್ರಶ್ನೆಯನ್ನು ಈಗಾಗಲೇ ಕೇಳಿ, ಉತ್ತರವನ್ನೂ ಪಡೆದಾಗಿದೆ. ಉದ್ದೇಶ ಬೇರೆಯಾಗಿತ್ತು: ಪಾರ್ಶ್ವವಾಯುವಿನ ರೋಗಿಗಳಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಏನಾದರೊಂದು ಸೋಂಕು ತಗಲುತ್ತದೆ, ಸುಮಾರು ಶೇ 10ರಷ್ಟು ಮಂದಿಗೆ ನ್ಯುಮೋನಿಯಾ ಆಗುತ್ತದೆ, ಅದನ್ನು ಮೊದಲೇ ತಡೆಯಬಹುದೇ ಎಂಬುದು. ನೆದರ್ಲೆಂಡ್ಸಿನಲ್ಲಿ 2,550 ರೋಗಿಗಳನ್ನು ಸೇರಿಸಿಕೊಂಡು ಅರ್ಧದಷ್ಟು ಮಂದಿಗೆ ದಿನಕ್ಕೆ 2 ಗ್ರಾಂ ಸೆಫ್ಟ್ರಿಯಾಕ್ಸೋನ್ ಅನ್ನು ನಾಲ್ಕು ದಿನ ಕೊಟ್ಟರು. ಬ್ರಿಟನ್ನಿನ 48 ಪಾರ್ಶ್ವವಾಯು ಘಟಕಗಳಲ್ಲಿ, ನುಂಗಲು ತೊಂದರೆಯಿದ್ದ 1,200ಕ್ಕೂ ಹೆಚ್ಚು ರೋಗಿಗಳ ಮೇಲೆ ಇಂಥದ್ದೇ ಇನ್ನೊಂದು ಪರೀಕ್ಷೆ ನಡೆಯಿತು. ಎರಡರ ಫಲಿತಾಂಶವೂ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಡಚ್ಚರ ಪರೀಕ್ಷೆಯಲ್ಲಿ ಸೋಂಕುಗಳ ಒಟ್ಟು ಸಂಖ್ಯೆ ಇಳಿಯಿತಾದರೂ ಮೂರು ತಿಂಗಳ ನಂತರ ರೋಗಿಗಳು ನಡೆದಾಡುವ, ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸಾಮರ್ಥ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ ನ್ಯುಮೋನಿಯಾವೂ ಕಡಿಮೆಯಾಗಲಿಲ್ಲ. ಇಲಿಗಳಲ್ಲಿ ಕಂಡ ಶೇ 60ರ ನೆರಳೂ ಅಲ್ಲಿ ಬೀಳಲಿಲ್ಲ.

ಇನ್ನೊಂದು ವಿಷಯವನ್ನು ಕಡ್ಡಾಯವಾಗಿ ಪರಿಶೀಲಿಸಿ. ತಂದೆಯವರಿಗೆ ಹೃದಯಬಡಿತದ ಲಯ ತಪ್ಪುವ ತೊಂದರೆಯಿದ್ದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಕೊಡುತ್ತಿದ್ದಾರೆಯೇ? ಹಾಗಿದ್ದಲ್ಲಿ ವೈದ್ಯರಿಗೆ ತಿಳಿಸದೆ ಆಂಟಿಬಯೋಟಿಕ್ ಸೇರಿಸಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಮಿತಿಮೀರಿ ಇಳಿದು ರಕ್ತಸ್ರಾವವಾಗುವ ಅಪಾಯವಿದೆ. ಇದಕ್ಕೆ ಒಂದು ಕಾರಣ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಯನ್ನು ಕರುಳಿನ ಬ್ಯಾಕ್ಟೀರಿಯಾಗಳೂ ತಯಾರಿಸುತ್ತವೆ ಎಂಬುದು. ನಮ್ಮ ಚರ್ಚೆಯ ವಿಷಯ ಇಲ್ಲಿ ಹೀಗೆ ಹಿಂಬಾಗಿಲಿನಿಂದ ಬರುತ್ತದೆ.

ಅನುಮಾನದ_ಅಣ್ಣ

ಇಂಥ ಸುದ್ದಿಗಳನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು 1,026 ಎಂಬ ಸಂಖ್ಯೆ. ಪಾರ್ಶ್ವವಾಯುವಿಗೆಂದು ಪ್ರಾಣಿಗಳಲ್ಲೋ ಪ್ರಯೋಗಶಾಲೆಯಲ್ಲೋ ಪರೀಕ್ಷಿಸಿದ್ದ ಚಿಕಿತ್ಸೆಗಳನ್ನು 2006ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಎಣಿಸಿದಾಗ ಸಿಕ್ಕಿದ ಲೆಕ್ಕವದು. ಅವುಗಳಲ್ಲಿ ಮನುಷ್ಯರ ಆಸ್ಪತ್ರೆಗಳವರೆಗೆ ಬಂದು ನಿಂತವು ಬೆರಳೆಣಿಕೆಯವು. ಎಳೆಯ ವಯಸ್ಸಿನ, ಒಂದೇ ತಳಿಯ, ಒಂದೇ ಆಹಾರ ತಿಂದು ಒಂದೇ ಪಂಜರದಲ್ಲಿ ಬೆಳೆದ ಇಲಿಯನ್ನು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಎಲ್ಲವನ್ನೂ ಹೊತ್ತು ಬರುವ ಅರವತ್ತರ ಹಿರಿಯರಿಗೆ ಸಮಾನವೆಂದು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲದೆ ಬೇರೆ ಪ್ರಯೋಗಾಲಯಗಳಲ್ಲಿ ಇದೇ ಫಲಿತಾಂಶ ಬಂದಿದೆಯೇ?

ಸೂಕ್ಷ್ಮದರ್ಶಿ

ಸರಿಯಾದ ಪ್ರಶ್ನೆ. ಬಂದಿಲ್ಲ ಎಂದರೂ ತಪ್ಪು, ಬಂದಿದೆ ಎಂದರೂ ತಪ್ಪು. ಈ ಕ್ಷೇತ್ರದ ಸ್ವಾರಸ್ಯವೇ ಅಲ್ಲಿದೆ.

ಅದೇ 2016ರಲ್ಲಿ ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ತಂಡ ಐದು ಆಂಟಿಬಯೋಟಿಕ್‌ಗಳನ್ನು ಒಟ್ಟಿಗೆ ಕೊಟ್ಟು ಇಲಿಗಳ ಕರುಳನ್ನು ಬಹುತೇಕ ಖಾಲಿ ಮಾಡಿತು. ಪಾರ್ಶ್ವವಾಯುವಿಗೆ ಕೆಲವು ದಿನ ಮೊದಲು ಔಷಧ ನಿಲ್ಲಿಸಿದ ಇಲಿಗಳು ತೀವ್ರವಾದ ದೊಡ್ಡಕರುಳಿನ ಉರಿಯೂತಕ್ಕೆ ಒಳಗಾದವು, ಅವುಗಳಲ್ಲಿ ಸಾವು ಹೆಚ್ಚಾಯಿತು. ಗಾಯದ ಗಾತ್ರ ಮೊದಲ ದಿನ ಎಲ್ಲ ಗುಂಪುಗಳಲ್ಲೂ ಒಂದೇ ಆಗಿತ್ತು. ಮೊದಲೇ ಆರೋಗ್ಯವಂತ ಬ್ಯಾಕ್ಟೀರಿಯಾಗಳನ್ನು ಮತ್ತೆ ಸೇರಿಸಿದ ಇಲಿಗಳು ಚೇತರಿಸಿಕೊಂಡವು. ಇನ್ನೊಂದೆಡೆ ಮ್ಯೂನಿಕ್‌ನಲ್ಲಿ ಆರ್ಥರ್ ಲೀಸ್ ಅವರ ತಂಡ, ಹುಟ್ಟಿನಿಂದ ಒಂದೂ ಬ್ಯಾಕ್ಟೀರಿಯಾ ಕಾಣದೆ ಬೆಳೆದ ಇಲಿಗಳಲ್ಲಿ ಗಾಯ ಚಿಕ್ಕದಾಗುವ ಬದಲು ದೊಡ್ಡದಾಗುತ್ತದೆಂದು ತೋರಿಸಿತು. ಆದ್ದರಿಂದ ಬ್ಯಾಕ್ಟೀರಿಯಾ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ಅರ್ಥ ಎಲ್ಲಿಯೂ ಹೊರಡುವುದಿಲ್ಲ. ಯಾವ ಬ್ಯಾಕ್ಟೀರಿಯಾ, ಎಷ್ಟು, ಯಾವಾಗ ಎಂಬುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ. ಹಲ್ಲುನೋವಿನ ಮಾತ್ರೆಗೆ ಈ ವಿವೇಚನೆ ಇರುವುದಿಲ್ಲ.

ಮ್ಯೂನಿಕ್ ತಂಡದ್ದೇ ಇನ್ನೊಂದು ಕೆಲಸ ನಿಮ್ಮ ತಂದೆಯವರ ಮಲಬದ್ಧತೆಗೆ ಹತ್ತಿರವಾದದ್ದು. ಪಾರ್ಶ್ವವಾಯುವಾದ ಇಲಿಗಳಲ್ಲಿ ಕರುಳಿನ ಚಲನೆಯೇ ಕುಂದಿ, ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಸಿದು, ಕೆಲವು ಬಗೆಗಳು ಮಾತ್ರ ಮಿತಿಮೀರಿ ಬೆಳೆದವು. ಹಾಗೆ ಕೆಟ್ಟ ಸಮುದಾಯವನ್ನು ಬ್ಯಾಕ್ಟೀರಿಯಾರಹಿತ ಇಲಿಗಳಿಗೆ ವರ್ಗಾಯಿಸಿದಾಗ ಅವುಗಳಲ್ಲಿ ಮೆದುಳಿನ ಗಾಯ ಹಿಗ್ಗಿತು. ಎಂದರೆ ದಾರಿ ಎರಡೂ ಕಡೆಗೆ ತೆರೆದಿದೆ: ಕರುಳು ಮೆದುಳಿನ ಗಾಯವನ್ನು ಬದಲಿಸುವಂತೆ, ಮೆದುಳಿನ ಗಾಯವೂ ಕರುಳನ್ನು ಕೆಡಿಸುತ್ತದೆ.

ಹಳೆಯ_ಸ್ಟೆತೊಸ್ಕೋಪ್

ಆ ಎರಡನೆಯ ದಿಕ್ಕನ್ನು ನಾವು ವಾರ್ಡಿನಲ್ಲಿ ದಿನವೂ ನೋಡುತ್ತಿದ್ದೆವು, ಹೆಸರಿಟ್ಟು ಕರೆಯುತ್ತಿರಲಿಲ್ಲ ಅಷ್ಟೆ. ಲಕ್ವ ಹೊಡೆದವರಿಗೆ ಹೊಟ್ಟೆ ಉಬ್ಬರ, ಮಲಬದ್ಧತೆ, ಮೂರನೆಯ ದಿನ ಜ್ವರ. ಮಲಗಿದಲ್ಲೇ ಇರುವುದರಿಂದ ಹೀಗಾಗುತ್ತದೆ ಎಂದು ನಾವು ತೀರ್ಮಾನಿಸಿದ್ದೆವು. ಅದು ಒಂದು ಕಾರಣ ಮಾತ್ರ. ಗಾಯಗೊಂಡ ಮೆದುಳು ದೇಹದ ಒತ್ತಡ ವ್ಯವಸ್ಥೆಯನ್ನು ಕೆರಳಿಸಿ, ರೋಗನಿರೋಧಕ ಶಕ್ತಿಯನ್ನು ಕೆಲವು ದಿನಗಳ ಮಟ್ಟಿಗೆ ಕುಗ್ಗಿಸುತ್ತದೆ. ಇದನ್ನು 2003ರಲ್ಲಿ ಅದೇ ಷಾರಿಟೆಯವರು ಇಲಿಗಳಲ್ಲಿ ತೋರಿಸಿದ್ದರು. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕು ತಗಲಿದ ಪಾರ್ಶ್ವವಾಯು ರೋಗಿಗಳಲ್ಲಿ ಪತ್ತೆಯಾದ ಬ್ಯಾಕ್ಟೀರಿಯಾಗಳ ಪೈಕಿ ಶೇ 70ಕ್ಕೂ ಹೆಚ್ಚಿನವು ಸಾಮಾನ್ಯವಾಗಿ ಕರುಳಿನಲ್ಲಿ ವಾಸಿಸುವಂಥವೇ ಆಗಿದ್ದವು. ಇಲಿಗಳಲ್ಲಿ ಅವು ಕರುಳಿನ ಗೋಡೆ ದಾಟಿ ಶ್ವಾಸಕೋಶ ಸೇರುವುದನ್ನೂ ಅವರು ಗುರುತಿಸಿದರು. ಆಸ್ಪತ್ರೆಯಿಂದಲೇ ಸೋಂಕು ಬಂತು ಎಂದು ಜನ ನಮ್ಮನ್ನು ಬೈಯುತ್ತಿದ್ದಾಗ ಇದು ತಿಳಿದಿದ್ದರೆ ಉತ್ತರಿಸುತ್ತಿದ್ದೆ. ಕೈ ತೊಳೆಯದ ನಮ್ಮ ತಪ್ಪುಗಳೂ ಇದ್ದವು, ಅದು ಬೇರೆ ಮಾತು.

ನೇತ್ರಾವತಿ_ದಂಡೆ

ಮೊಟ್ಟೆಯ ಹಳದಿ ಮತ್ತು ಕೆಂಪು ಮಾಂಸವನ್ನು ಕರುಳಿನ ಬ್ಯಾಕ್ಟೀರಿಯಾಗಳು ವಿಷವಾಗಿ ಮಾಡುತ್ತವೆ, ಅದರಿಂದ ಪಾರ್ಶ್ವವಾಯು ಬರುತ್ತದೆ ಎಂದು ಓದಿದ್ದೆ. ನಮ್ಮ ಕರಾವಳಿಯಲ್ಲಿ ಮೀನೂ ಕೂಡದು ಎನ್ನುವವರಿದ್ದಾರೆ. ಇದರಲ್ಲಿ ಹುರುಳಿದೆಯೇ?

ಸೂಕ್ಷ್ಮದರ್ಶಿ

ವಿಷ ಎಂಬುದು ದೊಡ್ಡ ಮಾತಾಯಿತು. ಕೋಲಿನ್, ಕಾರ್ನಿಟಿನ್ ಎಂಬ ಪೋಷಕಾಂಶಗಳನ್ನು ಕೆಲವು ಬ್ಯಾಕ್ಟೀರಿಯಾಗಳು ಟ್ರೈಮೀಥೈಲಮೈನ್ ಆಗಿ ಒಡೆಯುತ್ತವೆ, ಯಕೃತ್ತು ಅದನ್ನು ಟಿಎಂಎಒ ಎಂಬ ವಸ್ತುವಾಗಿ ಬದಲಿಸುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಸ್ಟ್ಯಾನ್ಲಿ ಹೇಜನ್ ಅವರ ತಂಡ 4,007 ಹೃದ್ರೋಗ ತಪಾಸಣೆಯ ರೋಗಿಗಳನ್ನು ಮೂರು ವರ್ಷ ಹಿಂಬಾಲಿಸಿ, ಟಿಎಂಎಒ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಕಡಿಮೆಯಿದ್ದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತೆಂದು 2013ರಲ್ಲಿ ವರದಿ ಮಾಡಿತು. ಈ ವಸ್ತು ರಕ್ತದ ಕಿರುಬಿಲ್ಲೆಗಳನ್ನು ಕೆರಳಿಸಿ ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸುತ್ತದೆ ಎಂಬುದನ್ನೂ ಆಮೇಲೆ ತೋರಿಸಿದರು. ಆದರೆ ಚೀನಾದ ಗುವಾಂಗ್‌ಝೌನಲ್ಲಿ 2015ರಲ್ಲಿ ಪಾರ್ಶ್ವವಾಯು ರೋಗಿಗಳನ್ನು ಪರೀಕ್ಷಿಸಿದಾಗ ಅವರ ರಕ್ತದಲ್ಲಿ ಟಿಎಂಎಒ ಕಡಿಮೆಯೇ ಕಂಡಿತು. ಮೀನಿನ ವಿಷಯದಲ್ಲಂತೂ ಗೊಂದಲವೇ ಬೇಡ: ಸಮುದ್ರದ ಮೀನಿನಲ್ಲಿ ಈ ವಸ್ತು ಸಹಜವಾಗಿಯೇ ಇದೆ, ಬ್ಯಾಕ್ಟೀರಿಯಾದ ಹಂಗಿಲ್ಲದೆ. ಅದಕ್ಕಾಗಿ ಬಂಗುಡೆಯನ್ನು ದೂರ ಇಡಿ ಎಂದು ನಾನಂತೂ ಹೇಳಲಾರೆ.

ನುಂಗು_ಮಾತು

ನಾನು ವಾಕ್ ಚಿಕಿತ್ಸಕಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಇಷ್ಟು ಹೊತ್ತಿನ ಚರ್ಚೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಹೇಮಾವತಿಯವರಿಗೆ ಕೇಳುತ್ತೇನೆ: ನಿಮ್ಮ ತಂದೆಯವರಿಗೆ ನುಂಗಲು ಬರುತ್ತದೆಯೇ ಎಂದು ಯಾರಾದರೂ ಪರೀಕ್ಷಿಸಿದ್ದಾರೆಯೇ?

ಕಾರಣವಿದೆ. ಕರುಳಿಗೆ ಒಳ್ಳೆಯದೆಂದು ಓದಿದ ಮನೆಯವರು ಮೊದಲು ಮಾಡುವ ಕೆಲಸ ಮಜ್ಜಿಗೆ ಕುಡಿಸುವುದು, ಎರಡನೆಯದು ರಾಗಿ ಮುದ್ದೆ. ನುಂಗುವ ಸ್ನಾಯುಗಳು ಸೋತಿರುವಾಗ ಮಜ್ಜಿಗೆಯಂಥ ತೆಳುವಾದ ದ್ರವ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರಬಹುದು, ಕೆಮ್ಮು ಕೂಡ ಬರದೆ ಜಾರಬಹುದು. ಮುದ್ದೆಯ ಅಪಾಯ ಬೇರೆ ಬಗೆಯದು. ಜೀವಮಾನವಿಡೀ ಅಗಿಯದೆ ನುಂಗಿ ಅಭ್ಯಾಸವಾದವರು ಈಗಲೂ ತುತ್ತನ್ನು ಹಾಗೆಯೇ ನುಂಗಲು ಹೋಗುತ್ತಾರೆ, ಅದು ಗಂಟಲಲ್ಲಿ ನಿಲ್ಲುತ್ತದೆ. ಮುದ್ದೆ ಅಗಿಯಿರಿ ಎಂದು ಹಾಸನದವರಿಗೆ ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆದ್ದರಿಂದ ಮೊದಲು ನುಂಗುವಿಕೆಯ ಪರೀಕ್ಷೆ, ಆಮೇಲೆ ಯಾವ ಹದದ ಆಹಾರ ಎಂಬ ನಿರ್ಧಾರ.

ಅನುಮಾನದ_ಅಣ್ಣ

ಹಾಗಾದರೆ ಅಂಗಡಿಯಲ್ಲಿ ಸಿಗುವ ಪ್ರೋಬಯೋಟಿಕ್ ಕ್ಯಾಪ್ಸೂಲುಗಳ ಕಥೆ ಏನು? ಆಂಟಿಬಯೋಟಿಕ್ ಬೇಡವೆಂದರೆ ಜನ ನೇರವಾಗಿ ಅಲ್ಲಿಗೇ ಹೋಗುತ್ತಾರೆ.

ಹಳೆಯ_ಸ್ಟೆತೊಸ್ಕೋಪ್

ತೀವ್ರ ಕಾಯಿಲೆಯ ಹೊತ್ತಿನಲ್ಲಿ ಅವೂ ನಿರುಪದ್ರವಿಗಳಲ್ಲ. ನೆದರ್ಲೆಂಡ್ಸಿನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ರೋಗಿಗಳಿಗೆ ಪ್ರೋಬಯೋಟಿಕ್ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂತು: ಪ್ರೋಬಯೋಟಿಕ್ ಪಡೆದವರಲ್ಲಿ ಶೇ 16ರಷ್ಟು, ಪಡೆಯದವರಲ್ಲಿ ಶೇ 6ರಷ್ಟು ಮಂದಿ ತೀರಿಕೊಂಡಿದ್ದರು. ಅದು ಬೇರೆ ಕಾಯಿಲೆ, ಬಹಳ ತೀವ್ರ ಸ್ಥಿತಿ. ಮನೆಗೆ ಬಂದು ಊಟ ಮಾಡುತ್ತಿರುವವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಹೇಗೂ ಒಳ್ಳೆಯ ಬ್ಯಾಕ್ಟೀರಿಯಾ, ಕೊಟ್ಟರೆ ನಷ್ಟವಿಲ್ಲ ಎನ್ನುವ ಮಾತು ಆ ದಿನವೇ ಮುಗಿಯಿತು.

ಮನೆಯ ಆಹಾರದ ಬಗ್ಗೆಯೂ ಒಂದು ಸ್ಪಷ್ಟನೆ. ಇಡ್ಲಿ ಹಿಟ್ಟನ್ನು ಹುಳಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಎಂಬುದು ನಿಜ, ಆದರೆ ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಅದು ಜೀವಂತವಾಗಿ ಉಳಿಯುವುದಿಲ್ಲ. ಹಾಗೆಂದು ಇಡ್ಲಿ ಕೆಟ್ಟದ್ದಾಗಲಿಲ್ಲ. ಇರುವ ಬ್ಯಾಕ್ಟೀರಿಯಾಗಳಿಗೆ ಮೇವು ಹಾಕುವುದು ಹೊಸದನ್ನು ತಂದು ಬಿಡುವುದಕ್ಕಿಂತ ಭದ್ರವಾದ ದಾರಿ ಎಂದು ನನ್ನ ಅಭಿಪ್ರಾಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಹೇಮಾವತಿ_ತೀರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ತಂದೆಯವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿದ್ದೆವು. ವಾರ್ಫರಿನ್ ಕೊಡುತ್ತಿಲ್ಲ. ನುಂಗುವಿಕೆಯನ್ನು ಇದುವರೆಗೆ ಯಾರೂ ಪರೀಕ್ಷಿಸಿರಲಿಲ್ಲ. ನೀರು ಕುಡಿದ ಮೇಲೆ ಅವರ ದನಿ ಗೊರಗೊರ ಎನ್ನುವುದನ್ನು ನಾವು ಶೀತವೆಂದು ತಿಳಿದಿದ್ದೆವು. ಈಗ ದ್ರವಗಳನ್ನೆಲ್ಲ ಮಂದವಾಗಿಸಿ, ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡಲು ಹೇಳಿದ್ದಾರೆ. ರಾಗಿ ಗಂಜಿಯ ಹದವನ್ನು ಅಲ್ಲಿಯೇ ತೋರಿಸಿಕೊಟ್ಟರು. ಮಲಬದ್ಧತೆಗೆ ಔಷಧ ಬರೆದಿದ್ದಾರೆ. ಮಾತ್ರೆಯ ಪಟ್ಟಿಯನ್ನು ನಾವು ಮುಟ್ಟಲಿಲ್ಲ. ನನ್ನ ತಮ್ಮ ಈ ಚರ್ಚೆಯನ್ನು ಪೂರ್ತಿ ಓದಿದ್ದಾನೆ. ಅವನದೊಂದು ಪ್ರಶ್ನೆ ಉಳಿದಿದೆಯಂತೆ: ಮೊದಲೇ ಕೊಟ್ಟರೆ ಮಾತ್ರ ಕೆಲಸ ಮಾಡುವ ಉಪಾಯದಿಂದ ಯಾರಿಗೆ ಏನು ಪ್ರಯೋಜನ, ಪಾರ್ಶ್ವವಾಯು ಹೇಳಿ ಬರುತ್ತದೆಯೇ?

ಸೂಕ್ಷ್ಮದರ್ಶಿ

ಕೆಲವೊಮ್ಮೆ ಹೇಳಿಯೇ ಬರುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರಲ್ಲಿ, ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗಿರುವವರಲ್ಲಿ ಅಪಾಯ ಹೆಚ್ಚೆಂದು ಮೊದಲೇ ತಿಳಿದಿರುತ್ತದೆ. ನ್ಯೂಯಾರ್ಕಿನ ತಂಡದವರೂ ಇಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದರು. ಆದರೆ ಯಾವ ಬ್ಯಾಕ್ಟೀರಿಯಾವನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದು ನಿಖರವಾಗದೆ ಮನುಷ್ಯರಿಗೆ ಕೊಡುವಂತಿಲ್ಲ. ಬರ್ಲಿನ್ನಿನ ಇಲಿಗಳನ್ನು ನೆನಪಿಡಿ.

ಆದ ಮೇಲೆ ಕೊಡಬಹುದಾದ ದಾರಿಯನ್ನು ಹುಡುಕುತ್ತಿರುವವರೂ ಇದ್ದಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಲೂಯಿಸ್ ಮೆಕಲೋ ಅವರ ತಂಡ ಮುದಿ ಇಲಿಗಳಿಗೆ ಪಾರ್ಶ್ವವಾಯುವಾಗಿ ಮೂರು ದಿನ ಕಳೆದ ಮೇಲೆ ಎಳೆಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ವರ್ಗಾಯಿಸಿತು. ಅವುಗಳ ಚೇತರಿಕೆ ಉತ್ತಮವಾಯಿತು ಎಂದು 2020ರಲ್ಲಿ ವರದಿ ಮಾಡಿತು. ಮುಂದೆ ಅವರು, ನಾರನ್ನು ಹುಳಿಸಿ ಕಿರುಸರಪಳಿಯ ಕೊಬ್ಬಿನಾಮ್ಲಗಳನ್ನು ತಯಾರಿಸುವ ನಾಲ್ಕೇ ಬಗೆಯ ಬ್ಯಾಕ್ಟೀರಿಯಾಗಳನ್ನು, ಇನ್ಯುಲಿನ್ ಎಂಬ ನಾರಿನ ಜೊತೆಗೆ ಕೊಟ್ಟಾಗಲೂ ಪ್ರಯೋಜನ ಕಂಡರು. ಅನುಮಾನದ ಅಣ್ಣನವರು ಎಳೆಯ ಇಲಿಗಳ ಬಗ್ಗೆ ಎತ್ತಿದ ಆಕ್ಷೇಪಕ್ಕೆ ಇಲ್ಲಿ ಅರ್ಧ ಉತ್ತರವಿದೆ, ಏಕೆಂದರೆ ಇವು ಮುದಿ ಇಲಿಗಳು.

ಅನುಮಾನದ_ಅಣ್ಣ

ಅರ್ಧಕ್ಕೆ ಒಪ್ಪಿದ್ದೇನೆ. ಉಳಿದರ್ಧವನ್ನು ಮನುಷ್ಯರ ಮೇಲಿನ ಪರೀಕ್ಷೆ ಬಂದ ಮೇಲೆ ನೋಡೋಣ. ಆ ಪರೀಕ್ಷೆಯಲ್ಲಿ ಗಾಯದ ಗಾತ್ರವನ್ನಷ್ಟೇ ಅಳೆದರೆ ನಾನು ಒಪ್ಪುವುದಿಲ್ಲ. ಮೂರು ತಿಂಗಳ ನಂತರ ರೋಗಿ ತನ್ನ ಕಾಫಿ ಲೋಟವನ್ನು ತಾನೇ ಹಿಡಿದರೇ ಎಂಬುದನ್ನು ಅಳೆದಿರಬೇಕು.